ಬೊಂಬೆ ಕೂರಿಸುವುದನ್ನು ಮಕ್ಕಳಿಗೆ ಕಲಿಸುವ ಬಗೆ

ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಪದ್ಧತಿಯನ್ನು ಮುಂದಿನ ತಲೆಮಾರಿಗೆ ಒಪ್ಪಿಸಬೇಕೆಂದಿದ್ದರೆ, ಮಹಾಲಯ ಅಮಾವಾಸ್ಯೆಗೆ ಮೊದಲೇ ಅಟ್ಟದ ಪೆಟ್ಟಿಗೆಯನ್ನು ಮಕ್ಕಳ ಕೈಯಿಂದಲೇ ಬಿಚ್ಚಿಸಬೇಕು. ಮದುವೆಯಲ್ಲಿ ತವರಿನಿಂದ ಬಂದ ಮರದ ಪಟ್ಟದ ಬೊಂಬೆಗಳಿಗೆ (ರಾಜ-ರಾಣಿಯ ಜೋಡಿಗೆ) ಹೊಸ ಬಟ್ಟೆ ಉಡಿಸುವಾಗ, ಅವು ಯಾರ ಮದುವೆಯಲ್ಲಿ, ಯಾವ ಊರಿನಿಂದ ಬಂದವೆಂಬುದನ್ನು ಅಜ್ಜಿಯೇ ಹೇಳಲಿ. ಶ್ಲೋಕ ಮರೆತ ಮಕ್ಕಳೂ ಈ ಕಥೆಯನ್ನು ನೆನಪಿಟ್ಟುಕೊಳ್ಳುತ್ತಾರೆ. ಪಾಡ್ಯದಂದು ಬೆಸ ಸಂಖ್ಯೆಯ ಮೆಟ್ಟಿಲುಗಳನ್ನು ಜೋಡಿಸಿ, ಮೇಲಿನ ಸಾಲಿನಲ್ಲಿ ಹಿರಿಯರು ಪಟ್ಟದ ಬೊಂಬೆಗಳನ್ನು ಕೂರಿಸಿದ ಮೇಲೆ, ಕೆಳಗಿನ ಸಾಲುಗಳನ್ನು ಮಕ್ಕಳಿಗೇ ಬಿಟ್ಟುಕೊಡಬೇಕು (ಅಲ್ಲಿ ಪ್ಲಾಸ್ಟಿಕ್ ಕಾರು ಬಂದು ನಿಂತರೂ ಆಕ್ಷೇಪಿಸಬಾರದು). ಸರಸ್ವತಿ ಪೂಜೆಗೆ ಅವರದೇ ಪಠ್ಯಪುಸ್ತಕಗಳನ್ನು ಇಡಿಸಬೇಕು. ಸಂಜೆ ನೆರೆಮನೆಯ ಮಕ್ಕಳನ್ನು ಕರೆದು ಆರತಿ ಮಾಡಿ, ಬೊಂಬೆ ಬಾಗಿನದ ತಿಂಡಿ ಹಂಚುವ ಹೊಣೆ ಗಂಡುಮಕ್ಕಳಿಗೂ ಇರಲಿ. ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿ, ಬಳಿಕ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವ ಕೆಲಸವನ್ನೂ ಮಕ್ಕಳಿಂದಲೇ ಮಾಡಿಸಬೇಕು.