ಮಿಲಿಟರಿ ನರ್ಸಿಂಗ್, ಮದುವೆ ಮತ್ತು ರಜೆಯ ಲೆಕ್ಕ

ಮಿಲಿಟರಿ ನರ್ಸಿಂಗ್‌ಗೆ ಹೋಗುತ್ತೇನೆ ಎಂದು ಮಗಳು ಬಾಯಿಬಿಟ್ಟ ಕೂಡಲೇ ಕೋಲಾರದ ಕಡೆಯ ಮನೆಗಳಲ್ಲಿ ಬರುವ ಮೊದಲ ಮಾತು: "ಆಮೇಲೆ ಮದುವೆ ಗತಿ ಏನಮ್ಮ?" ಕೇಳುವುದರಲ್ಲಿ ತಪ್ಪಿಲ್ಲ. ಮದುವೆಯಾದಳೆಂದು ನರ್ಸಿಂಗ್ ಅಧಿಕಾರಿಯನ್ನು ಸೇವೆಯಿಂದ ಬಿಡಿಸಬಹುದಾಗಿದ್ದ 1977ರ ಆದೇಶ ರದ್ದಾದದ್ದು 1995ರಲ್ಲಿ. ಹಾಗೆ 1988ರಲ್ಲಿ ಕೆಲಸ ಕಳೆದುಕೊಂಡ ಸೆಲೀನಾ ಜಾನ್ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2024 ಬಂದಿತ್ತು.

ಈಗ ಆ ಭಯ ಬೇಡ, ಆದರೆ ಹಿಂದುಮುಂದಾಗಬಾರದು. ಸೇನೆಯ ಬಿ.ಎಸ್ಸಿ. ನರ್ಸಿಂಗ್‌ಗೆ ಮದುವೆಯಾಗಿ ಸಂಸಾರದಲ್ಲಿರುವವರನ್ನು ತೆಗೆದುಕೊಳ್ಳುವುದಿಲ್ಲ; 4 ವರ್ಷದ ತರಬೇತಿಯಲ್ಲೂ ಮದುವೆ ಇಲ್ಲ. ಕಮಿಷನ್, ಅಂದರೆ ಸೇನೆಯ ಅಧಿಕಾರಿ ಹುದ್ದೆ, ಸಿಕ್ಕಿ ಲೆಫ್ಟಿನೆಂಟ್ ಆದ ಮೇಲೆ ಮದುವೆ ಆಗಲಿ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಸೇರಿ ಕನಿಷ್ಠ ಶೇ. 50, ಅದೂ ಮೊದಲ ಪ್ರಯತ್ನದಲ್ಲೇ, ಜೊತೆಗೆ ನೀಟ್. ಹತ್ತಿರದ ಕಾಲೇಜು ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯದು.

ಕಾಗದಪತ್ರದಲ್ಲಿ ನಾನು ಮೊದಲು ನೋಡುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಮಾಮೂಲು. ನೀಟ್ ಅರ್ಜಿಗೆ ಮುಂಚೆಯೇ ಆಧಾರನ್ನು ಅಂಕಪಟ್ಟಿಗೆ ಹೊಂದಿಸಿಕೊಳ್ಳಿ. ವೈದ್ಯಕೀಯ ತಪಾಸಣೆಯಲ್ಲಿ ಹಲ್ಲಿಗೂ ಅಂಕವಿದೆ, ಕನಿಷ್ಠ 14 ಬೇಕು. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಗೊತ್ತಲ್ಲ, ದಂತವೈದ್ಯರಿಗೆ ವರ್ಷ ಮುಂಚೆ ತೋರಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಡಾಕ್ಟರ್ ಕೊಡುವ ಕಬ್ಬಿಣದ ಮಾತ್ರೆ ಶುರುಮಾಡಿ. ಅದನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆ ಅಂತರ ಇರಲಿ, ನಿಂಬೆ ಪಾನಕದ ಜೊತೆಯಾದರೆ ಒಳ್ಳೆಯದು.

ಇನ್ನು ಪ್ರೀತಿಯ ಮದುವೆ. ಇಬ್ಬರೂ ಹಿಂದೂಗಳಾದರೆ ಶಾಸ್ತ್ರದ ಮದುವೆ ಮುಗಿಸಿ ನೋಂದಾಯಿಸಬಹುದು. ಧರ್ಮ ಬೇರೆಯಾದರೆ ಸಾಮಾನ್ಯವಾಗಿ ವಿಶೇಷ ವಿವಾಹ ಕಾಯ್ದೆಯ ದಾರಿ, ರಜೆಯ ಲೆಕ್ಕ ತಪ್ಪುವುದೂ ಅಲ್ಲೇ. ನೋಟಿಸ್ ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮುಂಚಿನ 30 ದಿನ ವಾಸವಿರಬೇಕು. ಹುಡುಗ ಮಾಲೂರಿನಲ್ಲಿದ್ದರೆ ಕೋಲಾರ ಜಿಲ್ಲೆಗೆ ಅವನ ವಾಸವೇ ಸಾಕು. ನೋಟಿಸ್ ಪ್ರಕಟವಾಗಿ 30 ದಿನ ಆಕ್ಷೇಪಣೆಗೆ, ಆಮೇಲೆ 3 ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟ ದಿನದಿಂದ 3 ತಿಂಗಳೊಳಗೆ ಆಗದಿದ್ದರೆ ಮತ್ತೆ ಮೊದಲಿಂದ. ಅಂದರೆ ನಿಜವಾಗಿ ಕೈಗೆ ಸಿಗುವುದು ಸುಮಾರು 60 ದಿನ. ನೋಟಿಸ್‌ಗೆ ಇಬ್ಬರೂ ಸಹಿ ಹಾಕಬೇಕಾದ್ದರಿಂದ ರಜೆಯನ್ನು ಎರಡಾಗಿ ಒಡೆಯಿರಿ: ಸಹಿಗೆ ಕ್ಯಾಶುಯಲ್ ಲೀವ್, ಮದುವೆಗೆ ವಾರ್ಷಿಕ ರಜೆ. ತಾರೀಖನ್ನು ಆ 60 ದಿನದ ಮೊದಲ ವಾರದಲ್ಲೇ ಇಟ್ಟುಕೊಳ್ಳಿ. ಗಡಿ ಬಿಸಿಯಾದರೆ ರಜೆಯಲ್ಲಿದ್ದವರನ್ನೂ ವಾಪಸ್ ಕರೆಯುತ್ತಾರೆ. ಮುಂದೂಡಲು ಜಾಗ ಬೇಕು. ಕಡೆಯ ವಾರಕ್ಕೆ ಇಟ್ಟವರಿಗೆ ನೋಟಿಸೂ ಹೋಗುತ್ತದೆ, ಛತ್ರದ ಮುಂಗಡವೂ ಹೋಗುತ್ತದೆ.

ಮದುವೆಯಾದ ಮೇಲೆ ಪಾರ್ಟ್-2 ಆರ್ಡರ್, ಅಂದರೆ ಮದುವೆಯನ್ನು ಸೇನೆಯ ದಾಖಲೆಗೆ ಸೇರಿಸುವ ಆದೇಶ, ಹಾಕಿಸುವುದನ್ನು ಮರೆಯಬೇಡಿ. ಅದು ಪ್ರಕಟವಾಗುವವರೆಗೆ ಸೇನೆಯ ಕಡತದಲ್ಲಿ ನಿಮಗೆ ಗಂಡನೇ ಇಲ್ಲ. ಫೀಲ್ಡ್ ಪೋಸ್ಟಿಂಗ್ ಆದರೆ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ: ಹೆಸರು, ಹುದ್ದೆ, ಯೂನಿಟ್, ಆಮೇಲೆ 56 ಎಪಿಒ ಅಥವಾ 99 ಎಪಿಒ (ಸೇನೆಯ ಅಂಚೆ ಕಚೇರಿ), 9ರಿಂದ ಶುರುವಾಗುವ ಪಿನ್ ಕೋಡ್. ಎಲ್ಲಿದ್ದೀಯ ಎಂದು ಫೋನಿನಲ್ಲಿ ಕೇಳಬಾರದೆಂದು ಅತ್ತೆ ಮಾವನಿಗೂ ಹೇಳಿಡಿ. ಪಾರ್ಸೆಲ್ ಕಳಿಸುವುದಾದರೆ ಚಟ್ನಿಪುಡಿ ಸರಿ. ಉಪ್ಪಿನಕಾಯಿ ಬೇಡ, ಎಣ್ಣೆ ಸೋರಿ ಪಕ್ಕದವರ ಕಾಗದವೂ ಹಾಳು.