ಕಾಫಿ ಕುಯ್ಲು ಮುಗಿದ್ಮೇಲೆ ಆಲ್ಪ್ಸ್‌ಗೆ ಸ್ಕೀಯಿಂಗ್ ಹೋಗೋರಿಗೆ

ನಮ್ಮ ಕೊಡಗಲ್ಲಿ ಡಿಸೆಂಬರ್, ಜನವರಿ ಅಂದ್ರೆ ಕುಯ್ಲು, ಕಣ, ಕೂಲಿ ಜನ ಅಂತ ತೋಟ ಬಿಟ್ಟು ಅಲ್ಲಾಡೋಕಾಗಲ್ಲ, ಫೆಬ್ರವರೀಲಿ ಯುರೋಪಿನ ಶಾಲೆಗಳಿಗೆ ರಜ ಇರುತ್ತೆ, ರೂಮ್ ರೇಟು ವಿಪರೀತ. ಅದಕ್ಕೇ ಮಾರ್ಚ್ ಕೊನೆ ಒಳ್ಳೇದು ಅಂತೀನಿ, ಈಸ್ಟರ್ ವಾರ ಮಾತ್ರ ಬಿಟ್ಬಿಡಿ. ಅಷ್ಟೊತ್ತಿಗೆ ತಗ್ಗಿನ ಊರುಗಳಲ್ಲಿ ಹಿಮ ಕರಗ್ತಿರುತ್ತೆ, ಸ್ವಿಟ್ಜರ್ಲೆಂಡಿನ ಜರ್ಮಾಟ್ ಥರ ಎತ್ತರದ ಜಾಗ ಹಿಡೀರಿ. ಊರೇ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಸ್ಕೀ ಇಳಿಜಾರುಗಳು ಇನ್ನೂ ಮೇಲೆ. ಊರೊಳಗೆ ಪೆಟ್ರೋಲ್ ಕಾರು ಬಿಡಲ್ಲ, ಟ್ರೇನಲ್ಲಿ ಹೋಗೋದೇ ಸುಲಭ.

ಷೆಂಗೆನ್ ವೀಸಾಗೆ (ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಬಹಳಷ್ಟು ದೇಶಗಳಿಗೆ ನಡೆಯೋ ಒಂದೇ ವೀಸಾ) 6 ತಿಂಗಳು ಮುಂಚೆಯಿಂದ್ಲೇ ಅರ್ಜಿ ಹಾಕ್ಬಹುದು, ಕೊನೇ ಗಳಿಗೆವರೆಗೂ ಕಾಯ್ಬೇಡಿ. ಕನಿಷ್ಠ 30,000 ಯೂರೋ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ, ಆದ್ರೆ ಎಷ್ಟೋ ಪಾಲಿಸೀಲಿ ಸ್ಕೀಯಿಂಗ್ ಸೇರಿರಲ್ಲ, ಬೆಟ್ಟದ ಮೇಲೆ ಕಾಲು ಮುರಿದ್ರೆ ಹೆಲಿಕಾಪ್ಟರ್ ಬರ್ಬೇಕಾಗ್ಬಹುದು, ಆ ಬಿಲ್ಲು ಸಣ್ಣದಲ್ಲ, ಅದಕ್ಕೆ ದಯವಿಟ್ಟು ವಿಂಟರ್ ಸ್ಪೋರ್ಟ್ಸ್ ಕವರ್ ಇದ್ಯಾ ಅಂತ ಓದಿ ನೋಡಿ.

ಸ್ಕೀ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತೆ. ಒಳಗೆ ಕಾಟನ್ ಬೇಡ, ಬೆವರು ಹೀರಿ ಒದ್ದೆಯಾಗಿ ಚಳಿ ಹಿಡ್ಸುತ್ತೆ. ಸನ್‌ಸ್ಕ್ರೀನ್ ಮರೀಬೇಡಿ. ಮೊದಲ್ನೇ ಸಲ ಆದ್ರೆ ಸ್ಕೀ ಸ್ಕೂಲಿಗೆ ಸೇರಿ, ನೀಲಿ ಬೋರ್ಡಿನ ಸುಲಭದ ದಾರೀಲೇ ಇರಿ, ಕೆಂಪು ಆಮೇಲೆ, ಕಪ್ಪು ಕಡೆ ತಲೆ ಹಾಕ್ಬೇಡಿ.