ಹಳೆ ಬಿ450 ಬೋರ್ಡ್, ಬಳ್ಳಾರಿ ಬೇಸಿಗೆ, ಮೂವತ್ತು ಚಿಲ್ಲರೆ ಸಾವಿರ: ಗೇಮಿಂಗ್ ಪಿಸಿ ಅಪ್‌ಗ್ರೇಡ್ ಬಗ್ಗೆ ನನ್ನ ಅನುಭವ

2018–19ರ ಹೊತ್ತಿಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಜೋಡಿಸಿಕೊಟ್ಟ ಗೇಮಿಂಗ್ ಪಿಸಿಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. ರೈಜನ್ 5 2600 ಸಿಪಿಯು (ಪ್ರೊಸೆಸರ್), ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1060 ಇಲ್ಲವೇ 1050 ಟಿಐ ಗ್ರಾಫಿಕ್ಸ್ ಕಾರ್ಡ್, 240 ಜಿಬಿ ಎಸ್‌ಎಸ್‌ಡಿ, ಜೊತೆಗೊಂದು ಹಾರ್ಡ್‌ಡಿಸ್ಕ್, ಹೆಸರಿಲ್ಲದ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ). ಈಗ ಅದನ್ನು ಅಂಗಡಿಗೆ ಒಯ್ದರೆ ಬರುವ ಮಾತು ಒಂದೇ: "ಬೋರ್ಡ್ ಹಳೇದಾತಣ್ಣ, ಎಲ್ಲಾ ಬಿಟ್ಟು ಡಿಡಿಆರ್5 ಸೆಟ್ ತಗಂಬಿಡ್ರಿ." ಡಿಡಿಆರ್5 ಅಂದರೆ ಹೊಸ ಪೀಳಿಗೆಯ ರ‍್ಯಾಮ್, ಅದು ಹಳೆ ಬೋರ್ಡಿಗೆ ಕೂರದ್ದರಿಂದ ಬೋರ್ಡ್, ಸಿಪಿಯು ಎರಡನ್ನೂ ಬದಲಿಸಬೇಕು. ಬೋರ್ಡ್ ಉಳಿಸಿಕೊಂಡು, ಎಸಿ ಇಲ್ಲದ ಕೋಣೆಯಲ್ಲಿ, ಹೊಸ ಸೆಟ್ಟಿನ ಮೂರನೇ ಒಂದು ಪಾಲು ದುಡ್ಡಲ್ಲಿ ಇಂದಿನ ಆಟ ಓಡಿಸಬಹುದು ಅಂದಾಗ ನಂಬಿದವರು ಕಮ್ಮಿ. ಈ ದಾರಿಯಲ್ಲಿ ಎಬ್ಬಿಸಿದ ಪಿಸಿಗಳು ಬೇಸಿಗೆಗಳನ್ನೇ ದಾಟಿ ಇವತ್ತಿಗೂ ಓಡುತ್ತಿವೆ. ಆದ್ದರಿಂದ ಬರೆಯುತ್ತಿದ್ದೇನೆ.

ಸರಾಸರಿ ಗೇಮಿಂಗ್ ಪಿಸಿ ಯಾವುದು ಅನ್ನುವುದಕ್ಕೆ ಎಲ್ಲರೂ ಆಟ ಮಾರುವ ಸ್ಟೀಮ್ ತಾಣದ ತಿಂಗಳ ಸಮೀಕ್ಷೆ ತೋರಿಸುತ್ತಾರೆ. ಅದರಲ್ಲಿ ಕೆಲವು ವರ್ಷಗಳಿಂದ ಕಾಣುವುದು 1080ಪಿ ಪರದೆ, ಆರು ಅಥವಾ ಎಂಟು ಕೋರ್, 16 ಜಿಬಿ ಇಲ್ಲವೇ ಅದರ ಮೇಲಿನ ರ‍್ಯಾಮ್, 8 ಜಿಬಿ ವಿರ‍್ಯಾಮ್ (ಕಾರ್ಡಿನ ಸ್ವಂತ ಮೆಮೊರಿ), ಆರ್‌ಟಿಎಕ್ಸ್ 3060, 4060 ದರ್ಜೆಯ ಕಾರ್ಡ್. ಲೆಕ್ಕ ಸರಿಯೇ. ಆದರೆ ಭಾಗಗಳ ಪಟ್ಟಿಯಿಂದ ನಮ್ಮ ಕೆಲಸ ಆಗುವುದಿಲ್ಲ. ನಾನು ಇಟ್ಟುಕೊಂಡ ಅಳತೆ ಬೇರೆ: 1080ಪಿಯಲ್ಲಿ, ಮೀಡಿಯಂನಿಂದ ಹೈ ನಡುವಿನ ಸೆಟ್ಟಿಂಗ್‌ನಲ್ಲಿ, 40 ಡಿಗ್ರಿ ಕೋಣೆಯಲ್ಲಿ ಒಂದು ಗಂಟೆ ಆಡಿದ ಮೇಲೆ ಸರಾಸರಿ 60 ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳು), 1% ಲೋ, ಅಂದರೆ ಅತಿ ನಿಧಾನದ ನೂರರಲ್ಲೊಂದು ಪಾಲಿನ ಎಫ್‌ಪಿಎಸ್, 45ಕ್ಕಿಂತ ಮೇಲೆ. ಇದು ಸಿಕ್ಕರೆ ಆ ಪಿಸಿ ಸರಾಸರಿ. ಅದಕ್ಕೆ ದುಡ್ಡು ಹಾಕುವ ಕಾಲ ಬಂದಿಲ್ಲ. ಸರಾಸರಿ 90 ಇದ್ದು 1% ಲೋ 28ಕ್ಕೆ ಬಿದ್ದರೆ ಆ 90ಕ್ಕೆ ನಾನು ಬೆಲೆ ಕೊಡುವುದಿಲ್ಲ.

ಕೋಣೆಯ ಬಿಸಿ ಲೆಕ್ಕಕ್ಕೆ ಬರಲೇಬೇಕು. ರಿವ್ಯೂ ಮಾಡುವವರ ಕೋಣೆ 21–25 ಡಿಗ್ರಿ. ಏಪ್ರಿಲ್ ಕೊನೆಗೆ ನಮ್ಮ ಆರ್‌ಸಿಸಿ ಮನೆಯ ಮೇಲ್ಮಹಡಿ ಮಧ್ಯಾಹ್ನ 40 ದಾಟಿರುತ್ತದೆ. ಏರ್ ಕೂಲಿಂಗ್‌ನಲ್ಲಿ ಕೋಣೆಯ ಬಿಸಿ ಏರಿದಷ್ಟೂ ಚಿಪ್ಪಿನ ಬಿಸಿ ಏರುತ್ತದೆ. ಅವರಲ್ಲಿ 68 ತೋರಿಸಿದ ಕಾರ್ಡ್ ಇಲ್ಲಿ 85ರ ಹತ್ತಿರ ನಿಲ್ಲುತ್ತದೆ. ಅದಕ್ಕೇ ಅಳೆಯುವುದು ಮಧ್ಯಾಹ್ನ 3ರಿಂದ 4ರೊಳಗೆ, ಸೈಡ್ ಪ್ಯಾನೆಲ್ ಮುಚ್ಚಿ, ಬಿಸಿ, ಬಳಕೆ ದಾಖಲಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದ ಲಾಗ್ ಹಚ್ಚಿ, ಎಫ್‌ಪಿಎಸ್ ತೋರಿಸುವ ಆಫ್ಟರ್‌ಬರ್ನರ್ ಪರದೆ ಮೇಲಿಟ್ಟು. ರಾತ್ರಿ ಹತ್ತಕ್ಕೆ ಅಳೆದ ಲಾಗ್ ಯಾರಾದರೂ ತಂದರೆ ನಾನು ನೋಡುವುದಿಲ್ಲ.

ಲಾಗ್ ಓದುವುದು ಕಷ್ಟವಲ್ಲ. ಕಾರ್ಡ್ ಬಳಕೆ ಶೇಕಡಾ 97–99, ಬಿಸಿ ಹಿಡಿತದಲ್ಲಿದೆ, ಎಫ್‌ಪಿಎಸ್ ಕಮ್ಮಿ ಎಂದರೆ ಕಾರ್ಡ್ ಸೋತಿದೆ. ಎಫ್‌ಪಿಎಸ್‌ಗೆ ಮಿತಿ ಹಾಕಿಲ್ಲ, ಆದರೂ ಕಾರ್ಡ್ 60–70ರಲ್ಲೇ ಆಡುತ್ತಿದೆ ಎಂದರೆ ಸಿಪಿಯು ಅಥವಾ ರ‍್ಯಾಮ್. ಇಲ್ಲಿ ಸಿಪಿಯು ಒಟ್ಟು ಬಳಕೆ 50 ತೋರಿಸಿತು ಅಂತ ಸುಮ್ಮನಾಗಬಾರದು. ಒಂದೊಂದೇ ಥ್ರೆಡ್ (ಸಿಪಿಯು ಏಕಕಾಲಕ್ಕೆ ನಡೆಸುವ ಕೆಲಸದ ಸಾಲು) ನೋಡಿದರೆ ಒಂದೆರಡು 95ರ ಮೇಲಿರುತ್ತವೆ, ಆಟ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಹೊಸ ಜಾಗಕ್ಕೆ ಹೋದಾಗ ಮಾತ್ರ ಗಕ್ಕನೆ ನಿಂತರೆ ವಿರ‍್ಯಾಮ್ ತುಂಬಿದೆ, ಇಲ್ಲವೇ ಆಟ ಹಾರ್ಡ್‌ಡಿಸ್ಕ್‌ನಲ್ಲಿದೆ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕ್ಲಾಕ್ (ಚಿಪ್ಪಿನ ವೇಗ) ಮೆಟ್ಟಿಲಿಳಿದಂತೆ ಇಳಿದರೆ ಅದು ಬಿಸಿ, ಅದಕ್ಕೆ ಹೊಸ ಭಾಗ ಬೇಡ. ನನ್ನ ಹತ್ತಿರ ಅಪ್‌ಗ್ರೇಡ್‌ಗೆಂದು ಬಂದವುಗಳಲ್ಲಿ ಈ ಕೊನೆಯ ಜಾತಿಯವೇ ಬಹಳ.

ಅದಕ್ಕೆ ಕಾರಣ ಧೂಳು. ಓಣಿ ಓಣಿಗೆ ಧೂಳು ಬೇರೆ. ಸಂಡೂರು, ತೋರಣಗಲ್ಲು ಕಡೆಯ ಪಿಸಿಯಲ್ಲಿ ಕೆಂಪು ಅದಿರಿನ ನುಣ್ಣನೆ ಪುಡಿ. ಅದು ಬ್ಲೋವರ್ ಹಿಡಿದರೆ ಹೋಗುತ್ತದೆ, ಆದರೆ ಫ್ಯಾನಿನ ಬೇರಿಂಗ್ ಒಳಗೂ ಇಳಿದಿರುತ್ತದೆ. ಸ್ಲೀವ್ ಬೇರಿಂಗ್ ಫ್ಯಾನ್ ಎರಡು ಬೇಸಿಗೆಗೆ ಕರಕರ ಅನ್ನುತ್ತದೆ, ಬಾಲ್ ಅಥವಾ ಫ್ಲೂಯಿಡ್ ಬೇರಿಂಗ್‌ನದನ್ನೇ ಹಾಕಬೇಕು. ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ ಪಕ್ಕದ ಪಿಸಿಯಲ್ಲಿ ತೌಡಿನ ಜಿಡ್ಡು. ಅದು ಗಾಳಿಗೆ ಹೋಗದು, ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಬ್ರಷ್ ಬೇಕು. ಎಲ್ಲಕ್ಕಿಂತ ಕೆಟ್ಟದ್ದು ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳ ಪಕ್ಕದ್ದು. ನೀಲಿ ನೂಲಿನ ಎಳೆ ಫ್ಯಾನಿಗೂ ಹೀಟ್‌ಸಿಂಕಿಗೂ ನಡುವೆ ಕಂಬಳಿಯಂತೆ ಕೂತಿರುತ್ತದೆ. ಹೊರಗಿನಿಂದ ಎಷ್ಟು ಊದಿದರೂ ಅದು ಅಲುಗುವುದಿಲ್ಲ, ಫ್ಯಾನ್ ಬಿಚ್ಚಿ ಕೈಯಲ್ಲೇ ಸುಲಿದು ತೆಗೆಯಬೇಕು. ಊದುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದಿರಬೇಕು. ಬ್ಲೋವರ್ ಗಾಳಿಗೆ ಅದು ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹೋಗುತ್ತದೆ, ತಿರುಗಿದ ಮೋಟಾರ್ ಬೋರ್ಡಿಗೆ ಕರೆಂಟ್ ತಳ್ಳುವುದೂ ಉಂಟು. ಸ್ವಚ್ಛ ಮಾಡಿ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಬದಲಿಸಿದರೆ ಸಿಪಿಯುನಲ್ಲಿ 10–12 ಡಿಗ್ರಿ, ಕಾರ್ಡಿನಲ್ಲಿ 8ರ ಆಸುಪಾಸು ಇಳಿಯುತ್ತದೆ. ಖರ್ಚು ನಾನೂರು ರೂಪಾಯಿ ಒಳಗೆ.

ಇನ್ನೊಂದು ಕಮ್ಮಿ ಖರ್ಚಿನದು ಎರಡನೇ ರ‍್ಯಾಮ್ ಸ್ಟಿಕ್. ಒಂದೇ 8 ಜಿಬಿ ಸ್ಟಿಕ್ ಇದ್ದಲ್ಲಿ ಅದೇ ವೇಗದ ಇನ್ನೊಂದು ಹಾಕಿ, ಸಿಪಿಯುನಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಕೂರಿಸಿ, ಬಯೋಸ್‌ನಲ್ಲಿ (ಬೋರ್ಡಿನ ಮೂಲ ತಂತ್ರಾಂಶ) ಸ್ಟಿಕ್ಕನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿದರೆ 1% ಲೋ ಏರುವುದು ಕಣ್ಣಿಗೇ ಕಾಣುತ್ತದೆ. 3200 ವೇಗದ ಸ್ಟಿಕ್ ಹಾಕಿ ವರ್ಷಗಟ್ಟಲೆ 2133ರಲ್ಲೇ ಓಡಿಸಿದ ಪಿಸಿಗಳು ಬೇಕಾದಷ್ಟಿವೆ. ರೈಜನ್ 2600ಕ್ಕೆ 3200 ಹತ್ತದಿದ್ದರೆ 2933ಕ್ಕೆ ನಿಲ್ಲಿಸಿ, 5600 ಹಾಕಿದ ಮೇಲೆ ಅದೇ ಸ್ಟಿಕ್ 3200ಕ್ಕೆ ಹತ್ತುತ್ತದೆ.

ಇಷ್ಟಾದ ಮೇಲೂ ಅಳತೆ ಮುಟ್ಟದಿದ್ದರೆ ಮೊದಲ ದೊಡ್ಡ ನೋಟು ಎಸ್‌ಎಂಪಿಎಸ್‌ಗೆ. ಇದಕ್ಕೇ ಹೆಚ್ಚು ಜಗಳ. ಡಬ್ಬಿಯ ಮೇಲೆ 500 ವ್ಯಾಟ್ ಅಂತಿರುತ್ತದೆ. ಲೇಬಲ್‌ನಲ್ಲಿ 12 ವೋಲ್ಟ್ ಸಾಲು ಓದಿ. 17 ಆಂಪ್ ಅಂತಿದ್ದರೆ 17 ಗುಣಿಸು 12, ಅಂದರೆ 204 ವ್ಯಾಟ್. ಸಿಪಿಯುಗೂ ಕಾರ್ಡಿಗೂ ಸಿಗುವುದು ಅಷ್ಟೇ. ಮೋಲೆಕ್ಸ್‌ನಿಂದ (ಹಳೆ ನಾಲ್ಕು ಪಿನ್ ಪ್ಲಗ್) 8 ಪಿನ್ ಮಾಡುವ ಅಡಾಪ್ಟರ್ ಹಚ್ಚಿದರೆ ಪಿನ್ ಕರಗುತ್ತದೆ, ಬೇಸಿಗೆಯಲ್ಲಿ ಬೇಗ ಕರಗುತ್ತದೆ. 12 ವೋಲ್ಟಿನಲ್ಲಿ 40 ಆಂಪ್ ಹತ್ತಿರ ಇರುವ, ಕಾರ್ಡಿಗೆ ತನ್ನದೇ 6+2 ಪಿನ್ ತಂತಿ ಇರುವ 550 ವ್ಯಾಟ್ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ ಸಾಕು, ಮೂರೂವರೆಯಿಂದ ನಾಲ್ಕು ಸಾವಿರ. ಕರೆಂಟ್ ಹೋದಾಗ ಪಿಸಿ ರೀಸ್ಟಾರ್ಟ್ ಆಗುತ್ತದೆ ಅನ್ನುವವರು ಮೊದಲು ಮನೆಯ ಇನ್ವರ್ಟರ್ ಹಿಂದಿನ ಸ್ವಿಚ್ ನೋಡಿ. ಅದು ಇಕೋದಲ್ಲಿದ್ದರೆ ಯುಪಿಎಸ್ ಕಡೆಗೆ ಒತ್ತಿ, ಬದಲಾಗುವ ಹೊತ್ತು ಕಮ್ಮಿಯಾಗುತ್ತದೆ. ಪ್ಲಗ್ಗಿನಲ್ಲಿ ಫೇಸ್‌ನಿಂದ ಅರ್ತ್‌ಗೆ ಮಲ್ಟಿಮೀಟರ್ ಹಿಡಿದರೆ 230ರ ಹತ್ತಿರ ಬರಬೇಕು. ಬಾರದಿದ್ದರೆ ಅರ್ತಿಂಗ್ ಸತ್ತಿದೆ. ಕೇಸ್ ಮುಟ್ಟಿದಾಗ ಜುಂ ಅನ್ನುವುದು ಅದಕ್ಕೇ. ಅರ್ತ್ ಗುಂಡಿಗೆ ನೀರು ಹಾಕಿಸದೆ ಹೊಸ ಕಾರ್ಡ್ ಹಚ್ಚಬೇಡಿ.

ಸಿಪಿಯು ವಿಷಯ. ಬಿ450 ಬೋರ್ಡಿಗೆ ರೈಜನ್ 5 5600 ಕೂರುತ್ತದೆ. ಬಯೋಸ್ ಹೊಸದಾಗಿರಬೇಕು, ಅದನ್ನು ಹಳೆ ಸಿಪಿಯು ಇರುವಾಗಲೇ ಹಾಕಬೇಕು. ಪೆನ್‌ಡ್ರೈವ್ ಫ್ಯಾಟ್32, ಪಿಸಿ ಯುಪಿಎಸ್ ಮೇಲೆ. ನಮ್ಮ ಕಡೆ ಮಧ್ಯಾಹ್ನದ ಕರೆಂಟ್ ನಂಬಿ ಫ್ಲ್ಯಾಶ್ ಮಾಡುವುದು ಬೋರ್ಡ್ ಕಳೆದುಕೊಳ್ಳುವ ದಾರಿ. ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಸಿಪಿಯು ಬದಲಾದಾಗ ಎಫ್‌ಟಿಪಿಎಂ (ಭದ್ರತಾ ಕೀಗಳನ್ನು ಇಡುವ ಜಾಗ) ರೀಸೆಟ್ ಮಾಡಲೇ ಎಂದು ಬೋರ್ಡ್ ಕೇಳುತ್ತದೆ, ಹೂಂ ಅಂದ ಮೇಲೆ ಕೀ ಇಲ್ಲದೆ ಡ್ರೈವ್ ತೆರೆಯದು. ಹಳೆ ಕೂಲರ್ ಕೀಳುವ ಮೊದಲು ಹದಿನೈದು ನಿಮಿಷ ಲೋಡ್ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಎಡಬಲಕ್ಕೆ ತಿರುಚಿ ಎತ್ತಿ. ನೇರ ಎಳೆದರೆ ಒಣಗಿದ ಪೇಸ್ಟ್‌ಗೆ ಅಂಟಿ ಸಿಪಿಯು ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. 5700ಎಕ್ಸ್3ಡಿ ಇನ್ನೂ ಚೆನ್ನಾಗಿದೆ, ಆದರೆ ಹೊಸದು ಸಿಗುವುದೇ ಅಪರೂಪ, ನಮ್ಮ ಬಿಸಿಲಿಗೆ ಒಳ್ಳೆ ಟವರ್ ಕೂಲರ್ ಇಲ್ಲದೆ ಅದನ್ನು ಹಾಕಬಾರದು. 2600ರಿಂದ 5600ಕ್ಕೆ ಹೋದರೆ ಸಿಪಿಯು ಕಟ್ಟಿಹಾಕಿದ ಆಟಗಳಲ್ಲಿ 1% ಲೋ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ.

ಕಾರ್ಡಿಗೆ ನನ್ನ ಆಯ್ಕೆ ಆರ್‌ಎಕ್ಸ್ 6600. 132 ವ್ಯಾಟ್, ಒಂದೇ 8 ಪಿನ್. ಬಿ450ಯಲ್ಲಿ ಕಾರ್ಡ್ ಕೂರುವ ಸ್ಲಾಟ್ ಹಳೆ ಪಿಸಿಐಇ 3.0 ಆದ್ದರಿಂದ ಎಂಟು ಲೇನಿನ (ಡೇಟಾ ಓಡಾಡುವ ದಾರಿಯ) ಈ ಕಾರ್ಡ್ ಅರ್ಧಕ್ಕೆ ಬೀಳುತ್ತದೆ ಅಂತ ಹೆದರಿಸುವವರಿದ್ದಾರೆ. ವಿರ‍್ಯಾಮ್ ಉಕ್ಕದಂತೆ ಟೆಕ್ಸ್‌ಚರ್ ಇಟ್ಟರೆ ನಷ್ಟ ಕೈಬೆರಳೆಣಿಕೆಯ ಶೇಕಡಾ. ಹೆದರಬೇಕಾದದ್ದು ನಾಲ್ಕೇ ಲೇನಿನ 6500 ಎಕ್ಸ್‌ಟಿಗೆ, ಅದು ಈ ಬೋರ್ಡಿನಲ್ಲಿ ನಿಜಕ್ಕೂ ಮುಗ್ಗರಿಸುತ್ತದೆ. ಸೆಕೆಂಡ್ ಹ್ಯಾಂಡ್ ತರುವವರು ಕಾರ್ಡಿನ ನಿಜ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ನೋಡದೆ ದುಡ್ಡು ಎಣಿಸಬೇಡಿ. ಆರ್‌ಎಕ್ಸ್ 580 ಅಂತ ಮಾರುವುದರಲ್ಲಿ 2304 ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) ಬದಲು 2048 ಇರುವವು ತುಂಬಾ. ಅರ್ಧ ಗಂಟೆ ಲೋಡ್ ಕೊಟ್ಟು ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಬಿಂದು) ನೋಡಿ. ಕೋರ್‌ಗೂ ಅದಕ್ಕೂ 25ಕ್ಕಿಂತ ಜಾಸ್ತಿ ಅಂತರ ಇದ್ದರೆ ಪೇಸ್ಟ್ ಹೋಗಿದೆ, ಸಾವಿರ ರೂಪಾಯಿ ಇಳಿಸಿ ಕೇಳಿ. ರಾಯಚೂರಿನವರಿಗೆ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿ ಹತ್ತಿರ, ಬಳ್ಳಾರಿಯವರು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುತ್ತಾರೆ. ನಾನು ಯಾರ ಹತ್ತಿರ ತರುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನನಗೆ ಸಿಗದಂತಾಗುತ್ತದೆ.

ಇನ್ನು ಎಲ್ಲರೂ ಅನುಮಾನಪಟ್ಟ ಭಾಗ, ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸುವುದು. 6600ಕ್ಕೆ ಎಎಂಡಿಯ ಅಡ್ರಿನಲಿನ್ ತಂತ್ರಾಂಶದ ಟ್ಯೂನಿಂಗ್‌ನಲ್ಲಿ 1150 ಮಿಲಿವೋಲ್ಟ್ ಇರುವುದನ್ನು 1060ರ ಸುತ್ತ, ಕ್ಲಾಕ್ 2400 ಮೆಗಾಹರ್ಟ್ಸ್‌ಗೆ ಇಳಿಸಿ. ಹದಿನೈದು ವ್ಯಾಟ್ ಉಳಿಯುತ್ತದೆ, ಎಫ್‌ಪಿಎಸ್ ಒಂದೆರಡು ಹೋದರೆ ಹೆಚ್ಚು. 3060 ಇದ್ದವರು ಆಫ್ಟರ್‌ಬರ್ನರ್ ಕರ್ವ್‌ನಲ್ಲಿ 900 ಮಿಲಿವೋಲ್ಟಿಗೆ 1800 ಮೆಗಾಹರ್ಟ್ಸ್ ಇಟ್ಟು ಅದರಾಚೆಯದನ್ನೆಲ್ಲ ಚಪ್ಪಟೆ ಮಾಡಿ, 170 ವ್ಯಾಟಿನ ಕಾರ್ಡ್ 130ರ ಆಸುಪಾಸಿಗೆ ಬರುತ್ತದೆ. 5600ಕ್ಕೆ ಬಯೋಸ್‌ನ ಕರ್ವ್ ಆಪ್ಟಿಮೈಜರ್ (ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಎಲ್ಲಾ ಕೋರ್ ಮೈನಸ್ 15, ಪಿಪಿಟಿ (ಸಿಪಿಯು ಎಳೆಯುವ ವಿದ್ಯುತ್ತಿನ ಮಿತಿ) 60 ವ್ಯಾಟ್. ಮೈನಸ್ 30 ಹಾಕಿ ಸ್ಟ್ರೆಸ್ ಟೆಸ್ಟ್ ಪಾಸಾಯಿತು ಅಂತ ಹಿಗ್ಗಬೇಡಿ. ಇದು ಲೋಡಿನಲ್ಲಿ ಕೈಕೊಡುವುದಿಲ್ಲ, ಖಾಲಿ ಕೂತಾಗ ರೀಸ್ಟಾರ್ಟ್ ಆಗುತ್ತದೆ, ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ 18 ಎಂಬ ಹಾರ್ಡ್‌ವೇರ್ ದೋಷದ ದಾಖಲೆ ಬಿದ್ದಿರುತ್ತದೆ. ಒಟ್ಟಾರೆ ಮೇ ತಿಂಗಳ ಮಧ್ಯಾಹ್ನ ಸಿಪಿಯು 75, ಕಾರ್ಡ್ ಹಾಟ್‌ಸ್ಪಾಟ್ 90ರೊಳಗೆ ನಿಲ್ಲುತ್ತದೆ. ಫ್ಯಾನ್ ಕರ್ವ್‌ನಲ್ಲಿ ನಾನು ಮಾಡುವ ಒಂದು ಹೊಂದಿಕೆಯೂ ಇದರಲ್ಲಿ ಸೇರಿದೆ, ಅದು ನನ್ನ ಹತ್ತಿರವೇ ಇರಲಿ.

ಅಡ್ಡದಾರಿಯ ಪ್ರಯೋಗಗಳೂ ನಡೆದಿವೆ. ಏರ್ ಕೂಲರ್ ಕೇಸಿನ ಮುಂದಿಟ್ಟರೆ ಒಣ ಹವೆಯಲ್ಲಿ ಒಳಹೋಗುವ ಗಾಳಿ ಏಳೆಂಟು ಡಿಗ್ರಿ ಇಳಿಯುತ್ತದೆ, ಚಿಪ್ಪೂ ಅಷ್ಟೇ ಇಳಿಯುತ್ತದೆ. ಭಾಗಗಳು ಗಾಳಿಗಿಂತ ಬಿಸಿ ಇರುವುದರಿಂದ ನೀರು ಕಟ್ಟುವುದಿಲ್ಲ. ಆದರೆ ತೇವಕ್ಕೆ ಧೂಳು ಹೆಪ್ಪಾಗಿ ಅಂಟುತ್ತದೆ, ಬೋರ್ ನೀರಾದರೆ ಜಾಲರಿ ಮೇಲೆ ಬಿಳಿ ಉಪ್ಪು ಕೂರುತ್ತದೆ, ಸ್ವಚ್ಛ ಮಾಡುವ ಕೆಲಸ ಇಮ್ಮಡಿ. ಕೈಬಿಟ್ಟಿದ್ದೇನೆ. ಲಿಕ್ವಿಡ್ ಕೂಲರ್‌ಗೆ ಆರೇಳು ಸಾವಿರ ಹಾಕಿದರೆ ಸಿಪಿಯುನಲ್ಲಿ ನಾಲ್ಕೈದು ಡಿಗ್ರಿ ಸಿಗುತ್ತದೆ, ಆದರೆ ಮುಂದೆ ಕೂರಿಸಿದ ರೇಡಿಯೇಟರ್‌ನ ಬಿಸಿಗಾಳಿ ಕಾರ್ಡಿಗೆ ಬಡಿಯುತ್ತದೆ, ಬೋರ್ಡಿನ ವಿಆರ್‌ಎಂಗೆ (ಸಿಪಿಯುಗೆ ವೋಲ್ಟೇಜ್ ಹೊಂದಿಸುವ ಭಾಗ) ಗಾಳಿಯೇ ಇಲ್ಲ. ದಂಡ. ಗೆದ್ದದ್ದು ಸೊಳ್ಳೆಪರದೆ. ಆ ಕಾಲದ ಕೇಸುಗಳ ಮುಂಭಾಗ ಗಾಜು, ಗಾಳಿ ಹೋಗಲು ದಾರಿ ಇಲ್ಲ. ಗಾಜು ತೆಗೆದು ಒಂದೇ ಪದರ ನೈಲಾನ್ ಪರದೆ ಬಿಗಿದು, ಪರದೆಯ ಹಿಂದೆ ಎರಡು 120 ಎಂಎಂ ಒಳಗಾಳಿ ಫ್ಯಾನ್, ಕೇಸಿನ ಹಿಂಬದಿಗೆ ಒಂದು ಹೊರಗಾಳಿ. ಕಾರ್ಡ್ ಏಳು ಡಿಗ್ರಿ ಇಳಿಯಿತು, ನೂಲೂ ಹೊರಗೇ ನಿಂತಿತು. ಬಟ್ಟೆ ದಪ್ಪ ಮಾಡಿದರೆ ಅದಿರಿನ ಪುಡಿ ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ.

ದುಡ್ಡು, ಆಗಿನ ಬೆಲೆ, ನೆನಪಿನಿಂದ: 5600 ಹತ್ತು ಸಾವಿರ, 6600 ಹೊಸದು ಇಪ್ಪತ್ತರ ಸುತ್ತ, ಎಸ್‌ಎಂಪಿಎಸ್ ನಾಲ್ಕು, ಎರಡನೇ ಸ್ಟಿಕ್ ಎರಡರೊಳಗೆ, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ನಾಲ್ಕೂವರೆ, ಫ್ಯಾನ್, ಪರದೆ, ಪೇಸ್ಟ್ ಸೇರಿ ಒಂದೂವರೆ. ನಲವತ್ತೆರಡರ ಹತ್ತಿರ. ಹಳೆ 1060, 2600 ಮಾರಿದರೆ ಎಂಟು ಒಂಬತ್ತು ವಾಪಸು. ಕೈಯಿಂದ ಹೋದದ್ದು ಮೂವತ್ತಮೂರು. ಇದೇ ಆಟಕ್ಕೆ ಅಂಗಡಿಯವರು ಬರೆದುಕೊಟ್ಟ ಡಿಡಿಆರ್5 ಚೀಟಿ ತೊಂಬತ್ತು ಸಾವಿರದ್ದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದರಿಂದ ಆ ಅಂತರ ಇನ್ನೂ ದೊಡ್ಡದು. ಸ್ಟಿಕ್ಕಿನ ಈ ಲೆಕ್ಕ ಆ ಏರಿಕೆಗೆ ಮುಂಚಿನದು, ಈಗ ಕೊಳ್ಳುವವರು ಬಳಸಿದ ಸ್ಟಿಕ್ ಹುಡುಕಿ.

ತಡಮಾಡದೆ ಬದಲಿಸಬೇಕಾದವೂ ಇವೆ. ಜಿಟಿಎಕ್ಸ್ 10 ಸರಣಿಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿತು, ಈಗ ಬರುವುದು ಭದ್ರತೆಯ ತೇಪೆ ಮಾತ್ರ. ರೇ ಟ್ರೇಸಿಂಗ್ ಕಡ್ಡಾಯ ಮಾಡಿದ ಆಟಗಳಂತೂ ಅವುಗಳಲ್ಲಿ ತೆರೆಯುವುದೇ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರೈಜನ್ 2600 ವಿಂಡೋಸ್ 11ರ ಪಟ್ಟಿಯಲ್ಲಿದೆ, 1600 ಇಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಬಯೋಸ್‌ನ ಭದ್ರತಾ ಸೆಟ್ಟಿಂಗ್ ಎರಡೂ ಬೇಕು. ಡಿಸ್ಕ್ ಎಂಬಿಆರ್ ಎಂಬ ಹಳೆ ವಿಂಗಡಣೆಯಲ್ಲಿದ್ದರೆ ಮೊದಲು ಅದನ್ನು ಹೊಸದಕ್ಕೆ ಬದಲಿಸುವ ವಿಂಡೋಸ್‌ನ ಎಂಬಿಆರ್2ಜಿಪಿಟಿ ಓಡಿಸಿ, ಆಮೇಲೆ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆ ಬೂಟ್ ವಿಧಾನ) ಆಫ್ ಮಾಡಿ. ಉಲ್ಟಾ ಮಾಡಿದರೆ ವಿಂಡೋಸ್ ಬೂಟ್ ಆಗದು.

ಬೋರ್ಡನ್ನೇ ಬಿಡಬೇಕಾದದ್ದು ಎರಡೇ ಸಂದರ್ಭದಲ್ಲಿ: ವಿಆರ್‌ಎಂ ಕೆಪಾಸಿಟರ್ ಉಬ್ಬಿದ್ದರೆ, ಇಲ್ಲವೇ 5600 ಹಾಕಿದ ಮೇಲೂ ನೀವು ಆಡುವ ಆಟದಲ್ಲಿ ಕಾರ್ಡ್ ಬಳಕೆ ಶೇಕಡಾ 70 ದಾಟದಿದ್ದರೆ. ಬೋರ್ಡ್ ಕೆಟ್ಟಿದ್ದರೂ ಹಾಕಿದ 5600, ರ‍್ಯಾಮ್ ಸರಿ ಇದ್ದರೆ ಹೊಸ ಬಿ550 ಒಂದನ್ನೇ ತಂದು ಹಾಕಿದರೆ ಆಯಿತು, ಉಳಿದದ್ದೆಲ್ಲ ಅದಕ್ಕೇ ಕೂರುತ್ತದೆ.